ಸುಳ್ಳು ಹೇಳಿದ ಮೀಟರು, ನಿಜ ಹೇಳಿದ ಲೋಟ

ನನ್ನದು ಒಂದೂವರೆ ಎಕರೆ ಅಡಿಕೆ ತೋಟ. ಜೊತೆಗೆ ಮನೆ ಹಿಂದಿನ ಮಾಡಿನಡಿ ನಾಲ್ಕು ಗಾಜಿನ ತೊಟ್ಟಿಗಳಲ್ಲಿ ಗಪ್ಪಿ, ಮಾಲಿ ಮೀನು ಸಾಕುತ್ತೇನೆ. ಮರಿ ಮಾರಿದ ಹಣ ಕೈಖರ್ಚಿಗಾಗುತ್ತದೆ. ನೀರಿನ ಹುಳಿ-ಕ್ಷಾರ ತಿಳಿಯಲು ಒಂದು ತೊಟ್ಟಿಗೆ, ಕಡ್ಡಿ ಸದಾ ನೀರಲ್ಲೇ ಇರುವ ಪಿಎಚ್ ಮೀಟರು ಕೂರಿಸಿದ್ದೆ. ಅದು ಅಡಾಪ್ಟರಿನಲ್ಲಿ ಕರೆಂಟಿಗೆ ಜೋಡಿಸುವಂಥದ್ದು.

2023ರ ಬೇಸಿಗೆ. ಮುನ್ನಾದಿನ 7.3 ಇದ್ದದ್ದು ಬೆಳಗ್ಗೆ ನೋಡಿದರೆ 5.9! ನೀರು ಹುಳಿಯಾಯಿತೆಂದು ಗಾಬರಿಯಾಗಿ ಸುಣ್ಣದ ತಿಳಿ ಹಾಕಿದೆ. ಅಂಕಿ ಮೇಲೇಳಲಿಲ್ಲ. ಇನ್ನಷ್ಟು ಹಾಕಿದೆ. ಸಂಜೆಗೆ ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗಿದವು. ಮರುದಿನ ಅರುವತ್ತಕ್ಕೂ ಹೆಚ್ಚು ಸತ್ತಿದ್ದವು.

ಆಗ ಬುದ್ಧಿ ಬಂತು. ಬಣ್ಣ ನೋಡುವ ಪಿಎಚ್ ಕಾಗದ ಅದ್ದಿದರೆ 9ರ ಹತ್ತಿರ! ನೀರಿನ ಪಿಎಚ್ 7ರಿಂದ 8ಕ್ಕೆ ಏರಿದರೇ ವಿಷರೂಪದ ಅಮೋನಿಯಾ ಸುಮಾರು ಹತ್ತುಪಟ್ಟಾಗುತ್ತದೆ. ಮೀನನ್ನು ಕೊಂದದ್ದು ರೋಗವಲ್ಲ, ನನ್ನ ಸುಣ್ಣ.

ಲೋಟದ ಪರೀಕ್ಷೆ

ಗಾಜಿನ ಲೋಟದಲ್ಲಿ ಅದೇ ತೊಟ್ಟಿಯ ನೀರು ತೆಗೆದು, ಆಚೆ ಇಟ್ಟು ಮೀಟರಿನ ಕಡ್ಡಿ ಇಳಿಸಿದೆ. ಕಾಗದ ತೋರಿಸಿದಷ್ಟೇ ತೋರಿಸಿತು! ತೊಟ್ಟಿಗೆ ಇಟ್ಟರೆ ಪುನಃ ಸುಳ್ಳು. ಅಂದರೆ ಕಡ್ಡಿ ಸರಿ ಇದೆ, ತೊಟ್ಟಿಯಲ್ಲೇ ಏನೋ ಉಂಟು.

ಪ್ಲಗ್ಗುಗಳನ್ನು ಒಂದೊಂದಾಗಿ ಕಿತ್ತು, ಪ್ರತಿಸಲ ಒಂದು ನಿಮಿಷ ಕಾದೆ. ದೀಪ ಕಿತ್ತೆ, ವ್ಯತ್ಯಾಸವಿಲ್ಲ. ಗಾಳಿಪಂಪು ಕಿತ್ತೆ, ಇಲ್ಲ. ನೀರೊಳಗಿನ ಫಿಲ್ಟರ್ ಪಂಪು ಕಿತ್ತದ್ದೇ ತಡ, ಅಂಕಿ ಸರಿಯಾಯಿತು. ಪಂಪನ್ನು ಮೇಲೆತ್ತಿ ನೋಡಿದರೆ ವಯರಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು.

ಪಿಎಚ್ ಕಡ್ಡಿ ಹುಟ್ಟಿಸುವ ಕರೆಂಟು ತೀರಾ ಸಣ್ಣದು. 25 ಡಿಗ್ರಿ ಉಷ್ಣತೆಯಲ್ಲಿ ಒಂದು ಪಿಎಚ್ ಅಂಕಿಗೆ ಸುಮಾರು 59 ಮಿಲಿವೋಲ್ಟ್ ಅಷ್ಟೆ. ಪಂಪಿನಿಂದ ಸೋರುವ 230 ವೋಲ್ಟಿನ ಒಂದು ಚೂರು ಸಾಕು, ಮೀಟರಿನ ತಲೆ ತಿರುಗಲು. ಉಪ್ಪಿನಂಶ ಅಳೆಯುವ ಇನ್ನೊಂದು ಕಡ್ಡಿ ಅದೇ ನೀರಲ್ಲಿದ್ದರೂ ಹೀಗಾಗಬಹುದು. ಅದನ್ನೂ ತೆಗೆದು ನೋಡಬೇಕು.

ನಿಜವಾದ ಅಪಾಯ

ಗಾಜಿನ ತೊಟ್ಟಿಯ ನೀರಿಗೆ ನೆಲದ ಸಂಪರ್ಕವಿಲ್ಲ. ಹಾಗಾಗಿ ಕರೆಂಟು ಸೋರಿದರೂ ಮೀನಿಗೆ ಗೊತ್ತಾಗದೇ ಇರಬಹುದು. ಬರಿಗಾಲಲ್ಲಿ ನಿಂತು ಕೈ ಹಾಕಿದವನ ಮೈಯೇ ಅದಕ್ಕೆ ದಾರಿ. ನನ್ನ ಮಗಳು ದಿನಾ ಆ ತೊಟ್ಟಿಗೆ ಕೈ ಹಾಕಿ ಮರಿ ಹಿಡಿಯುತ್ತಿದ್ದಳು. 'ಅಪ್ಪ, ಕೈ ಜುಂ ಅನ್ನುತ್ತದೆ' ಎಂದು ಒಮ್ಮೆ ಹೇಳಿದ್ದಳು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಅದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ.

ಎಲೆಕ್ಟ್ರೀಷಿಯನ್ ಬಂದು ನೋಡಿದಾಗ ಮೂರು ಪಿನ್ನಿನ ಸಾಕೆಟ್ಟಿಗೆ ಅರ್ತ್ ವಯರೇ ಇರಲಿಲ್ಲ!

ಮಾಡಿದ್ದೇನು?

ಪಂಪನ್ನು ಎಸೆದೆ. ಅದಕ್ಕೆ ಟೇಪು ಸುತ್ತುವ ಕೆಲಸ ಬೇಡವೇ ಬೇಡ. ಅರ್ತ್ ಸರಿಮಾಡಿಸಿ, ಆ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿದೆ. ಮೀಟರಿನ ವಯರನ್ನು ಪಂಪಿನ ವಯರಿನಿಂದ ದೂರ ಎಳೆದೆ. ಪಿಎಚ್ 7 ಮತ್ತು 4ರ ದ್ರಾವಣದಲ್ಲಿ ಕಡ್ಡಿಯನ್ನು ಪುನಃ ಹೊಂದಿಸಿದೆ.

ನೀರಿಗೆ ಅರ್ತಿನ ತಂತಿ ಇಳಿಸಿದರೆ ಅಂಕಿ ಸರಿಯಾಗುತ್ತದೆ ಎನ್ನುವವರಿದ್ದಾರೆ. ಆಗಲೂಬಹುದು. ಆದರೆ ಸೋರುವ ಪಂಪು ಅಲ್ಲೇ ಉಳಿಯುತ್ತದಲ್ಲ! ಮೊದಲು ಸೋರಿಕೆ ಹುಡುಕಿ.

ಈಗ ನನ್ನ ನಿಯಮ ಎರಡೇ. ಅಂಕಿ ದಿಢೀರನೆ ಬದಲಾದರೆ ನೀರಿಗೆ ಏನನ್ನೂ ಹಾಕುವ ಮೊದಲು ಲೋಟದ ಪರೀಕ್ಷೆ. ತೊಟ್ಟಿಗೆ ಕೈ ಹಾಕುವ ಮೊದಲು ಎಲ್ಲ ಪ್ಲಗ್ಗೂ ಹೊರಗೆ. ಮೀನು ಸಾಕುವ ಬೇರೆಯವರಿಗೂ ಇಂಥ ಅನುಭವ ಆಗಿದ್ದರೆ ಬರೆಯಿರಿ.