ಕರು ಹಾಕಿ ಬಡವಾದ ಹಸುವಿನ ಪೋಷಣೆ

ಕರು ಹಾಕಿದ ಹಸುವು ಕೆಲವು ವಾರಗಳವರೆಗೆ ಸ್ವಲ್ಪ ಬಡವಾಗುವುದು ಸ್ವಾಭಾವಿಕವಾದುದು. ಹಾಲು 6ರಿಂದ 8 ವಾರಗಳೊಳಗೆ ಅತ್ಯಧಿಕವಾಗುವುದು. ಮೇವು ತಿನ್ನುವ ಶಕ್ತಿಯಾದರೋ 10-12 ವಾರಗಳಾಗುವ ತನಕ ಪೂರ್ಣವಾಗಿ ಬರುವುದಿಲ್ಲ. ಈ ನಡುವೆ ಹಸುವು ತನ್ನ ಮೈಯ ಕೊಬ್ಬನ್ನೇ ಕರಗಿಸಿ ಹಾಲು ಕೊಡುವುದು. ಇದರೊಡನೆ ರೋಗವೂ ಸೇರಿದರೆ ಪಕ್ಕೆಲುಬುಗಳು ಎದ್ದು ಕಾಣುವುವು, ಬಾಲದ ಬುಡದಲ್ಲಿ ಗುಳಿ ಬೀಳುವುದು. ಇಂತಹ ಹಸುವು ಸಕಾಲದಲ್ಲಿ ಬೆದೆಗೆ ಬಾರದು. ರೈತನಿಗೆ ಹಾಲೂ ಮುಂದಿನ ಕರುವೂ ನಷ್ಟವಾಗುವುವು.

ಹಸುವು ಬೇಗನೆ ಮೈತುಂಬಿಕೊಳ್ಳಲೆಂದು ರಾಗಿಯ ಅಂಬಲಿ, ಅನ್ನ, ಹಿಟ್ಟು ಮೊದಲಾದುವನ್ನು ಒಮ್ಮೆಲೇ ಹೆಚ್ಚಾಗಿ ಕೊಡುವ ವಾಡಿಕೆಯುಂಟು. ಇದು ಪ್ರೀತಿಯಿಂದ ಮಾಡುವ ಅಪಾಯ. ರೋಗದಿಂದೆದ್ದ ಹಸುವಿನ ಹೊಟ್ಟೆಯಲ್ಲಿ ಈ ಆಹಾರವು ಹುಳಿತು, ಮೆಲುಕು ನಿಂತು, ಭೇದಿಯಾಗಿ, ಕೆಲವು ವೇಳೆ ಹಸುವು ಸಾಯುವುದೂ ಉಂಟು. ಆದುದರಿಂದ ಮೊದಲು ರೋಗದ ನಿವಾರಣೆ, ಬಳಿಕ ಮೇವು, ಅನಂತರವೇ ಹಿಂಡಿ ಎಂಬ ಕ್ರಮವನ್ನು ತಪ್ಪದೆ ಅನುಸರಿಸತಕ್ಕದ್ದು.

1. ಕಾರಣವನ್ನು ತಿಳಿಯುವುದು

ಜ್ವರವಾಗಲಿ, ಕೆಚ್ಚಲು ಬಾವಾಗಲಿ ಇರುವ ತನಕ ಎಷ್ಟು ತಿನ್ನಿಸಿದರೂ ಮೈಗೆ ಹತ್ತದು. ಮಾಸು 24 ಗಂಟೆಗಳೊಳಗೆ ಬೀಳದಿದ್ದರೆ ಕೈಯಿಂದ ಎಳೆಯಕೂಡದು, ಪಶುವೈದ್ಯರನ್ನು ಕರೆಯಿಸಬೇಕು. ಹಿಂಡಿಯನ್ನು ಬಿಟ್ಟು ಬರಿಯ ಹುಲ್ಲನ್ನು ತಿನ್ನುತ್ತ, ಹಾಲು ಇಳಿದು, ಉಸಿರಿನಲ್ಲಿ ಸಿಹಿವಾಸನೆ ಕಂಡರೆ ಕೊಬ್ಬು ಅತಿಯಾಗಿ ಕರಗುತ್ತಿರುವುದೆಂದು ಊಹಿಸಿ ಚಿಕಿತ್ಸೆ ಮಾಡಿಸತಕ್ಕದ್ದು. ಕೆರೆಯಂಗಳದಲ್ಲಿ ಮೇಯುವ ಹಸುವಿನ ದವಡೆಯ ಕೆಳಗೆ ನೀರು ತುಂಬಿದಂತಹ ಬಾವು ಕಂಡರೆ ಪಿತ್ತಕೋಶದ ಹುಳುವಿನ ಶಂಕೆಯುಂಟು. ಸಗಣಿಯನ್ನು ಪರೀಕ್ಷೆ ಮಾಡಿಸಿ ಔಷಧಿ ಕೊಡಿಸಬೇಕು. ಔಷಧಿಯ ನಂತರ ಎಷ್ಟು ದಿನ ಹಾಲನ್ನು ಬಳಸಕೂಡದೆಂಬುದನ್ನೂ ವೈದ್ಯರಿಂದ ಕೇಳಿ ತಿಳಿಯುವುದು.

2. ಮೇವು ಮತ್ತು ನೀರು

ಮೆಲುಕು ಹಾಕುವುದೇ ಹೊಟ್ಟೆ ಸರಿಯಾಗಿದೆಯೆಂಬುದರ ಗುರುತು. ಮೊದಲ ವಾರದಲ್ಲಿ ಒಳ್ಳೆಯ ಒಣಹುಲ್ಲನ್ನು ಹಗಲಿರುಳೂ ಮುಂದಿರಿಸಬೇಕು. ಭತ್ತದ ಹುಲ್ಲಿಗಿಂತ ರಾಗಿಯ ಹುಲ್ಲು ಉತ್ತಮ. ಹಸಿರುಮೇವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ, ದಿನಕ್ಕೆ 15-20 ಕಿಲೋಗ್ರಾಮಿಗೆ ತರುವುದು. ಕುದುರೆ ಮಸಾಲೆ ಸೊಪ್ಪು, ಅಗಸೆ ಸೊಪ್ಪು ದೊರೆತಲ್ಲಿ ಅವುಗಳನ್ನು ಹುಲ್ಲಿನೊಡನೆ ಬೆರೆಸಿ ಕೊಡತಕ್ಕದ್ದು. ಬರಿಯ ಹೊಟ್ಟೆಗೆ ಹಾಕಿದರೆ ಹೊಟ್ಟೆಯುಬ್ಬರವಾಗುವ ಭಯವುಂಟು. ಶುದ್ಧವಾದ ನೀರು ಯಾವಾಗಲೂ ದೊರೆಯುವಂತಿರಬೇಕು.

3. ಹಿಂಡಿಯ ಮಿಶ್ರಣ

ಮುಸುಕಿನ ಜೋಳದ ನುಚ್ಚು 35 ಭಾಗ, ಕಡಲೆಕಾಯಿ ಹಿಂಡಿ 30, ಗೋಧಿಯ ಬೂಸಾ ಅಥವಾ ಅಕ್ಕಿಯ ತೌಡು 32, ಲವಣ ಮಿಶ್ರಣ 2, ಉಪ್ಪು 1, ಹೀಗೆ ಬೆರೆಸಿಕೊಳ್ಳುವುದು. ಬೂಷ್ಟು ಹಿಡಿದ ಹಿಂಡಿಯನ್ನು ಎಂದಿಗೂ ಹಾಕಕೂಡದು. ಅದರ ವಿಷವು ಪಿತ್ತಕೋಶವನ್ನು ಕೆಡಿಸುವುದಲ್ಲದೆ ಹಾಲಿಗೂ ಇಳಿಯುವುದು. ಬೆಳಿಗ್ಗೆ ಸಂಜೆ ಅರ್ಧ ಅರ್ಧ ಕಿಲೋಗ್ರಾಮಿನಿಂದ ಆರಂಭಿಸಿ, ಸಗಣಿ ಗಟ್ಟಿಯಾಗಿದ್ದರೆ 2-3 ದಿನಗಳಿಗೊಮ್ಮೆ ಕಾಲು ಕಿಲೋಗ್ರಾಮಿನಷ್ಟು ಏರಿಸುವುದು. ಕೊನೆಗೆ ಮೈಪೋಷಣೆಗೆ ಒಂದೂವರೆ ಕಿಲೋಗ್ರಾಂ, ಅದರ ಮೇಲೆ ಪ್ರತಿ ಎರಡೂವರೆ ಲೀಟರು ಹಾಲಿಗೆ 1 ಕಿಲೋಗ್ರಾಂ ಆಗುವಷ್ಟಕ್ಕೆ ತರತಕ್ಕದ್ದು. ಪ್ರಮಾಣವು ಹೆಚ್ಚಿದಂತೆ 3-4 ಸಲವಾಗಿ ಹಂಚಿಕೊಡಬೇಕು. ಸಗಣಿ ತೆಳುವಾದರೆ ಅಥವಾ ಮೆಲುಕು ಕಡಿಮೆಯಾದರೆ ಏರಿಸುವುದನ್ನು ನಿಲ್ಲಿಸಿ, ಹುಲ್ಲನ್ನು ಹೆಚ್ಚಿಸುವುದು.

4. ಗುಣವನ್ನು ಅಳೆಯುವುದು

ದಿನವೂ ನೋಡುವ ಕಣ್ಣಿಗೆ ಬದಲಾವಣೆ ತಿಳಿಯದು. ಮುಂಗಾಲುಗಳ ಹಿಂದೆ ಎದೆಯ ಸುತ್ತಲೂ ದಾರ ಹಿಡಿದು ಗಂಟು ಹಾಕಿ, 15 ದಿನಗಳಿಗೊಮ್ಮೆ ಬೆಳಿಗ್ಗೆ ಮೇವಿಗೆ ಮುಂಚೆ ಅದೇ ದಾರದಿಂದ ಅಳೆಯುವುದು. ಗಂಟು ಮುಂದಕ್ಕೆ ಸರಿಯುತ್ತಿದ್ದರೆ ಹಸುವು ಮೈತುಂಬಿಕೊಳ್ಳುತ್ತಿದೆ. ವಾರಗಳಲ್ಲಿ ಕಳೆದುಹೋದ ಮೈ ತಿಂಗಳುಗಳಲ್ಲಿ ಬರುವುದಾದ್ದರಿಂದ ಆತುರಪಡಕೂಡದು.

5. ಬೆದೆ ಮತ್ತು ಗಬ್ಬ

ಕರು ಹಾಕಿ 60 ದಿನಗಳಾಗುವ ಮುಂಚೆ, ಹಾಗೂ ಮೈ ಏರತೊಡಗುವ ಮುಂಚೆ, ಹಸುವನ್ನು ಗಬ್ಬ ಕಟ್ಟಿಸುವುದು ಯುಕ್ತವಲ್ಲ. ಗಬ್ಬವಾದ ಬಳಿಕ ಮುಂದಿನ ಈತಕ್ಕೆ 2 ತಿಂಗಳು ಇರುವಾಗ ಹಾಲು ಕರೆಯುವುದನ್ನು ನಿಲ್ಲಿಸತಕ್ಕದ್ದು. ಹಾಲು ಇಳಿಯುತ್ತಿರುವ ತಿಂಗಳುಗಳಲ್ಲಿ ಕೊಟ್ಟ ಹಿಂಡಿಯು ಸುಲಭವಾಗಿ ಮೈಗೆ ಹತ್ತುವುದು. ಆಗ ಮೈಕಟ್ಟಿಕೊಂಡ ಹಸುವು ಮುಂದಿನ ಸಲ ಕರು ಹಾಕಿದಾಗ ಇಷ್ಟು ಬಡವಾಗುವುದಿಲ್ಲ.