ಜ್ವರ ಬಿಟ್ಟರೂ ಬಿಡದ ಕೀಲುನೋವು: ಬೆನ್ನು ತಿರುಚಿಸಿದರೆ ಗುಣವಾದೀತೇ?

ಜ್ವರ ವಾರದೊಳಗೆ ಬಿಟ್ಟಿತು, ನೋವು ಮಾತ್ರ ತಿಂಗಳುಗಳಾದರೂ ಬಿಡಲಿಲ್ಲ ಎಂಬುದು ಚಿಕುನ್‌ಗುನ್ಯ ಬಂದುಹೋದ ಮನೆಗಳಲ್ಲಿ ಸಾಮಾನ್ಯ ಮಾತು. 2006ರಲ್ಲಿ ದೇಶದಲ್ಲಿ 13 ಲಕ್ಷಕ್ಕೂ ಮಿಕ್ಕಿ ಶಂಕಿತ ಪ್ರಕರಣಗಳು ವರದಿಯಾದವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದವು. ಬೆರಳು ಮಡಚಲಾಗದವರಿಗೆ ಕಾಫಿಹಣ್ಣು ಬಿಡಿಸುವುದಾಗಲಿ, ಅಡಿಕೆ ಸುಲಿಯುವುದಾಗಲಿ ಸಾಧ್ಯವಿಲ್ಲ. ಆದುದರಿಂದ ಬೆನ್ನು ತಿರುಚಿಸಿ ನೋಡೋಣವೆಂಬ ಆಸೆ ಹುಟ್ಟುವುದು ಸಹಜ. ಈ ಕುರಿತು ಎರಡು ಮಾತು ಹೇಳಬಯಸುತ್ತೇವೆ.

ಆಫ್ರಿಕದ ಮಕೊಂಡೆ ಭಾಷೆಯಿಂದ ಬಂದ ಈ ರೋಗದ ಹೆಸರಿಗೆ 'ಬಾಗಿಸುವಂಥದು' ಎಂಬ ಅರ್ಥವಿದೆ. ಬಾಗಿ ನಡೆಯುವ ರೋಗಿಯನ್ನು ಕಂಡವರು ದೋಷ ಬೆನ್ನೆಲುಬಿನಲ್ಲಿದೆ ಎಂದುಕೊಳ್ಳುತ್ತಾರೆ. ವಾಸ್ತವವಾಗಿ ತೊಂದರೆ ಹೆಚ್ಚಾಗಿರುವುದು ಬೆರಳು, ಮಣಿಕಟ್ಟು, ಮಂಡಿ, ಪಾದದ ಗಂಟುಗಳಲ್ಲಿ. ವೈರಸ್ಸಿನ ವಿರುದ್ಧ ಎದ್ದ ದೇಹದ ರಕ್ಷಣಾಶಕ್ತಿ ಜ್ವರ ಇಳಿದ ಮೇಲೂ ಶಮನವಾಗದೆ, ಕೀಲುಗಳಲ್ಲಿ ಉರಿಯೂತ ಉಳಿಯುತ್ತದೆ.

ಬೆನ್ನೆಲುಬನ್ನು ಕೈಯಿಂದ ಒತ್ತಿ, ತಿರುಚಿ ಚಿಕಿತ್ಸೆ ಮಾಡುವ ಕೈರೋಪ್ರಾಕ್ಟಿಕ್ ಪದ್ಧತಿಯನ್ನು 1895ರಲ್ಲಿ ಅಮೆರಿಕದ ಡೇವನ್‌ಪೋರ್ಟಿನಲ್ಲಿ ಡಿ. ಡಿ. ಪಾಮರ್ ಆರಂಭಿಸಿದರು. ಸೊಂಟನೋವಿನಲ್ಲಿ ಇದರಿಂದ ಕೆಲವರಿಗೆ ಸ್ವಲ್ಪ ಆರಾಮ ದೊರೆಯುವುದುಂಟು. ಆದರೆ ವೈರಸ್ ಜ್ವರದ ನಂತರದ ಉರಿಯೂತವನ್ನು ಅದು ಗುಣಪಡಿಸುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಕುತ್ತಿಗೆಯನ್ನು ಥಟ್ಟನೆ ತಿರುಚಿದಾಗ, ಅಪರೂಪಕ್ಕಾದರೂ, ರಕ್ತನಾಳ ಸೀಳಿ ಪಾರ್ಶ್ವವಾಯು ಆದ ಪ್ರಸಂಗಗಳಿವೆ. ಊದಿದ ಕೀಲನ್ನು ಬಲವಂತವಾಗಿ ಎಳೆಯಿಸುವುದೂ ಸಲ್ಲದು.

ಹಾಗಾದರೆ ಮಾಡಬೇಕಾದುದೇನು? ಜ್ವರವಿರುವಾಗ, ಡೆಂಗ್ಯೂ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್ ಮುಂತಾದ ನೋವಿನ ಮಾತ್ರೆ ಬೇಡ. ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ಸಾಕು. ಜ್ವರ ಬಿಟ್ಟ ಮೇಲೆ ಕೈಕಾಲುಗಳನ್ನು ದಿನವೂ ಮೆಲ್ಲಗೆ ಆಡಿಸಬೇಕು. ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಇರಬಹುದು, ಎಚ್ಚರ. ಮೂರು ತಿಂಗಳಾದರೂ ಊತ ಇಳಿಯದಿದ್ದರೆ ಕೀಲುರೋಗ ತಜ್ಞರಿಗೆ ತೋರಿಸಿರಿ, ಇದಕ್ಕೆ ಔಷಧಿಗಳಿವೆ.

ತೋಟದ ಯಜಮಾನರಲ್ಲಿ ಒಂದು ವಿನಂತಿ. ಬೆಳಿಗ್ಗೆ ಕೈ ಬಿಗಿದು ತಡವಾಗಿ ಬರುವ ಕೆಲಸಗಾರರನ್ನು ಸೋಮಾರಿಗಳೆಂದು ಭಾವಿಸದೆ, ಕೆಲಕಾಲ ಮರ ಹತ್ತುವ, ಮೂಟೆ ಹೊರುವ ಕೆಲಸದಿಂದ ಬಿಡುವು ಕೊಟ್ಟು, ಹಗುರವಾದ ಕೆಲಸ ಒದಗಿಸಿರಿ. ಬೇಗನೆ ಭಾರ ಹೊರಿಸಿದರೆ ನೋವು ಮರುಕಳಿಸುವುದುಂಟು. ಕೂಲಿ ಅವರಿಗೆ ನಷ್ಟ, ಕೊಯ್ಲು ನಮಗೆ ನಷ್ಟ.

ಕೊನೆಯದಾಗಿ, ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ಮಳೆನೀರೇ ಈ ರೋಗ ಹರಡುವ ಸೊಳ್ಳೆಗೆ ತೊಟ್ಟಿಲು. ವಾರಕ್ಕೊಮ್ಮೆ ಹಾಳೆಗಳನ್ನು ಕವುಚಿ ಹಾಕಿಸಿರಿ. ಬೆನ್ನು ತಿರುಚಿಸುವುದಕ್ಕಿಂತ ಹಾಳೆ ತಿರುಗಿಸುವುದು ಲೇಸು.