ಕಾಪರ್-ಟಿ ಹಾಕಿಸುವ ಮೊದಲು: ನಮ್ಮ ಚಿಕ್ಕ ಸೊಸೆ ಕೇಳಿದ ಪ್ರಶ್ನೆಗಳು

ನಮ್ಮ ಮನೆಯ ಚಿಕ್ಕ ಸೊಸೆಗೆ 22 ವರ್ಷ. ಮಗುವಿಗೆ ಹತ್ತು ತಿಂಗಳು. ಗಂಡ ದಮ್ಮಾಮಿನಲ್ಲಿದ್ದಾನೆ. ಪೆರ್ನಾಲ್‌ಗೆ ಎರಡು ತಿಂಗಳ ರಜೆ ಸಿಕ್ಕಿದೆ ಎಂದು ಫೋನ್ ಬಂದ ದಿನ ಮನೆಯವರಿಗೆಲ್ಲ ಖುಷಿ. ರಾತ್ರಿ ಪಾತ್ರೆ ತೊಳೆಯುವಾಗ ಅವಳು ಮೆಲ್ಲಗೆ ಕೇಳಿದಳು: “ಮಾಮಿ, ಕಾಪರ್-ಟಿ ಹಾಕಿಸಿದ್ರೆ ತುಂಬಾ ನೋವಾಗ್ತದಾ? ಮತ್ತೆ ಮಕ್ಕಳಾಗುದಿಲ್ಲ ಅಂತ ಹೇಳ್ತಾರಲ್ಲ, ಹೌದಾ?”

ನಾವು, ಅಂದರೆ ಅತ್ತೆ ಮತ್ತು ದೊಡ್ಡ ಸೊಸೆ, ಇಬ್ಬರೂ ಮುಖ ಮುಖ ನೋಡಿಕೊಂಡೆವು. ನಮಗೆ ಸರಿಯಾದ ಉತ್ತರ ಗೊತ್ತಿರಲಿಲ್ಲ. ನಮ್ಮಲ್ಲಿ ಹಿರಿಯಳಿಗೆ ನಾಲ್ಕು ವರ್ಷದೊಳಗೆ ಮೂರು ಹೆರಿಗೆ. ಮೂರನೆಯದಕ್ಕೆ ಹೋಗುವಾಗ ಮೈಯಲ್ಲಿ ರಕ್ತವೇ ಇಲ್ಲ ಎಂದು ಎರಡು ಬಾಟ್ಲಿ ಕೊಟ್ಟರು. ಅಲ್ಲಾಹನ ದಯೆಯಿಂದ ಬದುಕಿ ಬಂದದ್ದು. ಆ ಕಾಲದಲ್ಲಿ ಕೇಳಲು ಯಾರೂ ಇರಲಿಲ್ಲ, ಕೇಳಿದರೆ ನಾಚಿಕೆಯಿಲ್ಲದವಳು ಎನ್ನುವ ಮಾತು ಬೇರೆ. ಸೊಸೆಗೆ ಹಾಗಾಗಬಾರದು ಎಂದು ಮೂವರೂ ಸೇರಿ ಆಸ್ಪತ್ರೆಗೆ ಹೋದೆವು. ಅಲ್ಲಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಹಾಲು ಕುಡಿಸುವಾಗ ಆಗುದಿಲ್ಲವಾ?

ಮಗುವಿಗೆ ಎದೆಹಾಲು ಕೊಡುತ್ತಿರುವಾಗ ಗರ್ಭ ನಿಲ್ಲುವುದಿಲ್ಲ ಎಂದು ನಮ್ಮಲ್ಲಿ ಒಂದು ಧೈರ್ಯ ಉಂಟು. ಅದು ನಡೆಯುವುದು ಮಗುವಿಗೆ ಆರು ತಿಂಗಳು ತುಂಬುವವರೆಗೆ ಮಾತ್ರ. ಅದೂ ಮಗು ಹಗಲು ರಾತ್ರಿ ಬರೀ ಎದೆಹಾಲನ್ನೇ ಕುಡಿಯುತ್ತಿದ್ದು, ತಾಯಿಗೆ ಮುಟ್ಟು ಮರಳಿ ಶುರುವಾಗದಿದ್ದರೆ. ಆರು ತಿಂಗಳ ನಂತರ ಮುಟ್ಟು ಬರುವ ಮೊದಲೇ ಗರ್ಭ ನಿಲ್ಲಬಹುದು. ಒಂದು ಹೆರಿಗೆಯಾಗಿ ಇನ್ನೊಂದು ಗರ್ಭ ನಿಲ್ಲಲು ಕನಿಷ್ಠ 24 ತಿಂಗಳ ಅಂತರ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಾಯಿಯ ಮೈ ಸುಧಾರಿಸಲು, ಮಗುವಿಗೆ ಎರಡು ವರ್ಷ ಹಾಲು ಸಿಗಲು ಅಷ್ಟು ಸಮಯ ಬೇಕು.

ಒಳಗೆ ಹಾಕುವುದು ಎಂತ?

ಸರಕಾರಿ ಆಸ್ಪತ್ರೆಯ ಗೋಡೆಯಲ್ಲಿ ‘ವಂಕಿ’ ಎಂದು ಬರೆದಿರುತ್ತದೆ, ಬಾಯಿಮಾತಿನಲ್ಲಿ ಕಾಪರ್-ಟಿ. ಇಂಗ್ಲಿಷಿನ ‘ಟಿ’ ಅಕ್ಷರದ ಹಾಗೆ ಇರುವ, ಮೂರೂವರೆ ಸೆಂಟಿಮೀಟರ್ ಉದ್ದದ ಮೆದು ಪ್ಲಾಸ್ಟಿಕ್. ಅದಕ್ಕೆ ತಾಮ್ರ ಸುತ್ತಿರುತ್ತದೆ, ಕೆಳಗೆ ಸಣ್ಣ ದಾರ. ಗರ್ಭಕೋಶದ ಒಳಗೆ ಕೂರುತ್ತದೆ. ತಾಮ್ರವು ವೀರ್ಯಾಣುಗಳ ಚಲನೆಯನ್ನು ಕೆಡಿಸುತ್ತದೆ, ಹಾಗಾಗಿ ಅಂಡದೊಂದಿಗೆ ಸೇರಲು ಆಗುವುದಿಲ್ಲ. ಮುಖ್ಯವಾಗಿ ಗರ್ಭ ಕಟ್ಟುವ ಮೊದಲೇ ತಡೆಯುವ ಸಾಧನ ಇದು. ಇದರಲ್ಲಿ ಹಾರ್ಮೋನ್ ಇಲ್ಲ, ಎದೆಹಾಲಿಗೆ ತೊಂದರೆ ಇಲ್ಲ. ನೂರು ಮಂದಿ ಹಾಕಿಸಿಕೊಂಡರೆ ಮೊದಲ ವರ್ಷ ಗರ್ಭ ನಿಲ್ಲುವುದು ಒಬ್ಬರಿಗಿಂತ ಕಡಿಮೆ.

380-ಎ ಎನ್ನುವುದು 10 ವರ್ಷ, 375 ಎನ್ನುವುದು 5 ವರ್ಷ ಕೆಲಸ ಮಾಡುತ್ತದೆ. ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲೂಕು ಆಸ್ಪತ್ರೆ, ಮಂಗಳೂರಿನ ಲೇಡಿಗೋಶನ್‌ನಂಥ ಹೆರಿಗೆ ಆಸ್ಪತ್ರೆಗಳಲ್ಲಿ ಇದು ಉಚಿತ. ಖಾಸಗಿಯಲ್ಲಿ ಹಾರ್ಮೋನ್ ಇರುವ ಇನ್ನೊಂದು ಬಗೆಯೂ ಸಿಗುತ್ತದೆ. ಅದಕ್ಕೆ ದುಡ್ಡು ಜಾಸ್ತಿ, ಆದರೆ ಮುಟ್ಟಿನ ರಕ್ತ ಕಡಿಮೆಯಾಗುತ್ತದೆ.

ಇನ್ನೂ ಹೆರದ ಹುಡುಗಿಯರಿಗೂ, ಇಪ್ಪತ್ತರ ಕೆಳಗಿನವರಿಗೂ ಹಾಕಬಹುದು. ಆದರೆ ಹೆರದವರಿಗೆ ಹಾಕುವಾಗ ನೋವು ಸ್ವಲ್ಪ ಹೆಚ್ಚು. ಗರ್ಭಿಣಿಯಾಗಿದ್ದರೆ, ಒಳಗೆ ಸೋಂಕಿದ್ದರೆ, ಕಾರಣ ತಿಳಿಯದ ರಕ್ತಸ್ರಾವ ಇದ್ದರೆ, ಗರ್ಭಕೋಶದ ಆಕಾರದಲ್ಲಿ ತೊಂದರೆಯಿದ್ದರೆ ಹಾಕುವುದಿಲ್ಲ. ರಕ್ತಹೀನತೆ ಇದ್ದವರು ಮೊದಲೇ ಹೇಳಬೇಕು. ನಮ್ಮ ಸೊಸೆಗೆ ರಕ್ತ ಪರೀಕ್ಷೆ ಮಾಡಿ ಕಬ್ಬಿಣದ ಮಾತ್ರೆ ಬರೆದುಕೊಟ್ಟರು.

ಆ ಹತ್ತು ನಿಮಿಷ

ಸೊಸೆಗೆ ಎಲ್ಲಕ್ಕಿಂತ ದೊಡ್ಡ ಹೆದರಿಕೆ ಇದ್ದದ್ದು ಇಲ್ಲಿ. ಗರ್ಭಿಣಿ ಅಲ್ಲ ಎಂದು ಖಚಿತವಿದ್ದರೆ ಯಾವ ದಿನವಾದರೂ ಹಾಕಬಹುದು. ಮುಟ್ಟು ಶುರುವಾದ ಮೊದಲ ದಿನಗಳಲ್ಲಿ ಹೋದರೆ ಆ ಸಂಶಯವೇ ಇರುವುದಿಲ್ಲ. ಮಹಿಳಾ ಡಾಕ್ಟರೇ ಬೇಕು ಎಂದು ಕೇಳುವುದು ತಪ್ಪಲ್ಲ. ನಾವು ಮೊದಲೇ ಕೇಳಿಕೊಂಡು ಹೋದದ್ದು.

ಹೆರಿಗೆ ಪರೀಕ್ಷೆಯಂತೆಯೇ ಮಲಗಬೇಕು. ಒಳಗೆ ನೋಡುವ ಸಾಧನ ಇಟ್ಟು ಔಷಧಿಯಿಂದ ಸ್ವಚ್ಛ ಮಾಡುತ್ತಾರೆ. ಗರ್ಭಕೋಶದ ಬಾಯಿಯನ್ನು ಅಲುಗಾಡದಂತೆ ಹಿಡಿಯುವಾಗ ಒಂದು ಚಿವುಟು. ಸಣ್ಣ ಕಡ್ಡಿಯಿಂದ ಆಳ ಅಳೆಯುವಾಗ ಒಂದು ಸೆಳೆತ, ಕಾಪರ್-ಟಿ ಒಳಗೆ ಬಿಡುವಾಗ ಇನ್ನೊಂದು. ಮತ್ತೆ ದಾರ ಕತ್ತರಿಸಿದರೆ ಮುಗಿಯಿತು. ಒಟ್ಟು ಐದರಿಂದ ಹತ್ತು ನಿಮಿಷ.

ನೋವೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವರಿಗೆ ಮುಟ್ಟಿನ ನೋವಿನಷ್ಟೇ, ಕೆಲವರಿಗೆ ಜೋರು. ತಲೆ ತಿರುಗುವುದೂ ಉಂಟು. ನೋವಿನ ಮಾತ್ರೆ, ಮರಗಟ್ಟಿಸುವ ಔಷಧ ಕೊಡ್ತೀರಾ ಎಂದು ಮೊದಲೇ ಕೇಳಿ. ತಡೆಯದಿದ್ದರೆ ನಿಲ್ಲಿಸಿ ಎಂದು ಹೇಳಬಹುದು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಒಬ್ಬರು ಜೊತೆಗಿರಲಿ. ನಮ್ಮ ಸೊಸೆ ಹೊರಗೆ ಬಂದು ಅರ್ಧ ಗಂಟೆ ಬೆಂಚಿನಲ್ಲಿ ಕೂತಳು, ಒಂದು ಗ್ಲಾಸ್ ಚಾ ಕುಡಿದಳು. “ಹೆರಿಗೆ ನೋವಿನ ಎದುರು ಇದು ಎಂತದೂ ಅಲ್ಲ ಮಾಮಿ. ಆದ್ರೆ ಎಂತ ಮಾಡ್ತಾರೆ ಅಂತ ಗೊತ್ತಿಲ್ಲದಿದ್ರೆ ಹೆದರಿ ಓಡಿ ಬರ್ತಿದ್ದೆ” ಅಂದಳು.

ಹೆರಿಗೆಯಾದ 48 ಗಂಟೆಯೊಳಗೂ ಹಾಕುವ ಕ್ರಮ ಇದೆ. ಆಗ ಹಾಕಿದ್ದು ಜಾರಿ ಬೀಳುವ ಸಂಭವ ಸ್ವಲ್ಪ ಹೆಚ್ಚು. ಅದಕ್ಕೂ ಹೆಣ್ಣಿನ ಒಪ್ಪಿಗೆ ಬೇಕೇ ಬೇಕು. ಹೆರಿಗೆಗೆ ಸೇರುವ ಮೊದಲೇ ಬೇಕು ಅಥವಾ ಬೇಡ ಎಂದು ಸ್ಪಷ್ಟವಾಗಿ ಹೇಳಿಡಿ. ಬಿಡುಗಡೆಯಾಗಿ ಬರುವಾಗ ಏನು ಮಾಡಿದ್ದೀರಿ ಎಂದು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ.

ಮೊದಲ ಆರು ತಿಂಗಳು

ಹಾಕಿದ ಮೇಲೆ ಕೆಲವು ದಿನ ಸೆಳೆತ, ಚುಕ್ಕೆ ಚುಕ್ಕೆ ರಕ್ತ ಸಹಜ. ಮೂರರಿಂದ ಆರು ತಿಂಗಳು ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗಬಹುದು, ನೋವೂ ಹೆಚ್ಚಿರಬಹುದು. ಸುಮಾರು ಜನರಿಗೆ ಆಮೇಲೆ ಕಡಿಮೆಯಾಗುತ್ತದೆ. ಆಗದಿದ್ದರೆ ತೆಗೆಸಿ ಬೇರೆ ಉಪಾಯ ನೋಡಬಹುದು. ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರ’ ಚುಚ್ಚುಮದ್ದು, ‘ಛಾಯಾ’ ಮಾತ್ರೆ ಕೂಡ ಸರಕಾರಿ ಆಸ್ಪತ್ರೆಯಲ್ಲಿ ಉಂಟು. ಮೊದಲ ಮುಟ್ಟು ಕಳೆದ ಮೇಲೆ, ಮೂರರಿಂದ ಆರು ವಾರದೊಳಗೆ, ಒಮ್ಮೆ ತೋರಿಸಬೇಕು.

ಮುಟ್ಟು ತಪ್ಪಿದರೆ, ಕೆಳಹೊಟ್ಟೆ ಜೋರು ನೋವಾದರೆ, ಜ್ವರ ಬಂದರೆ, ವಾಸನೆಯ ಬಿಳಿ ಹೋದರೆ, ದಾರ ಸಿಗದಿದ್ದರೆ ಅಥವಾ ಉದ್ದವಾದಂತೆ ಕಂಡರೆ ಕೂಡಲೇ ಡಾಕ್ಟರಲ್ಲಿಗೆ ಹೋಗಿ. ಸೋಂಕಿನ ಅಪಾಯ ಹೆಚ್ಚಿರುವುದು ಮೊದಲ ಮೂರು ವಾರ. ಗರ್ಭಕೋಶಕ್ಕೆ ತೂತಾಗುವುದು ಬಹಳ ಅಪರೂಪ, ಸಾವಿರದಲ್ಲಿ ಒಬ್ಬರಿಗೆ ಎನ್ನುವಷ್ಟು.

ನಮಾಝ್ ಮತ್ತು ಉಪವಾಸ

ಇದು ಡಾಕ್ಟರಲ್ಲಿ ಕೇಳುವ ಪ್ರಶ್ನೆ ಅಲ್ಲ, ಆದರೆ ನಮ್ಮ ಹೆಣ್ಣುಮಕ್ಕಳಿಗೆ ದೊಡ್ಡ ಚಿಂತೆ ಇದುವೇ. ಶಾಫಿಈ ಮದ್‌ಹಬಿನಲ್ಲಿ ಮುಟ್ಟಿನ ಅತಿ ಹೆಚ್ಚು ಅವಧಿ 15 ದಿನ. ಅದು ದಾಟಿಯೂ ರಕ್ತ ನಿಲ್ಲದಿದ್ದರೆ ಇಸ್ತಿಹಾಝದ ವಿಧಿ ಬರುತ್ತದೆ. ಆಗ ನಮಾಝ್ ಬಿಡುವಂತಿಲ್ಲ, ಪ್ರತಿ ಫರ್ಝ್‌ಗೆ ಸಮಯವಾದ ಮೇಲೆ ಶುಚಿಯಾಗಿ ವುಝೂ ಮಾಡಿ ನಿರ್ವಹಿಸಬೇಕು. ಯಾವ ದಿನ ಯಾವುದರ ಲೆಕ್ಕಕ್ಕೆ ಎನ್ನುವುದನ್ನು ತಿಳಿದ ಉಸ್ತಾದರೇ ಹೇಳಬೇಕು. ಅದಕ್ಕೆ ರಕ್ತ ಶುರುವಾದ, ನಿಂತ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ. ಉಪವಾಸದ ಹಗಲಲ್ಲಿ ಒಳ ಪರೀಕ್ಷೆ ಮಾಡಿಸಿದರೆ ಉಪವಾಸದ ಪ್ರಶ್ನೆ ಬರುತ್ತದೆ, ಹಾಗಾಗಿ ನಾವು ಶಅಬಾನಿನಲ್ಲೇ ಮುಗಿಸಿದೆವು.

ಹಾಕಿಸಬಹುದಾ ಎಂದು ಕೇಳುವವರೂ ಇದ್ದಾರೆ. ಗಂಡ ಹೆಂಡತಿ ಪರಸ್ಪರ ಮಾತಾಡಿ, ಅಗತ್ಯಕ್ಕಾಗಿ, ಹಾನಿಯಿಲ್ಲದ ರೀತಿಯಲ್ಲಿ, ತಾತ್ಕಾಲಿಕವಾಗಿ ಮಕ್ಕಳ ನಡುವೆ ಅಂತರ ಇಡುವುದಕ್ಕೆ 1988ರಲ್ಲಿ ಕುವೈತಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಅನುಮತಿ ಹೇಳಿದೆ. ಶಾಶ್ವತವಾಗಿ ನಿಲ್ಲಿಸುವ ಆಪರೇಷನ್ನಿನ ಮಾತು ಬೇರೆ. ಸೊಸೆ ದಮ್ಮಾಮಿಗೆ ಫೋನ್ ಮಾಡಿ ಕೇಳಿದಾಗ ಮಗ ಹೇಳಿದ್ದು ಇಷ್ಟೇ: “ನಿನ್ನ ಮೈ, ನಿನ್ನ ಆರೋಗ್ಯ. ಡಾಕ್ಟರ್ ಸರಿ ಅಂದ್ರೆ ನನಗೂ ಸರಿ.”

ಹಳೆಯ ಹೆದರಿಕೆ

ಉಮ್ಮಂದಿರ ಕಾಲದ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. 1965ರಲ್ಲಿ ಸರಕಾರ ‘ಲೂಪ್’ ತಂದಾಗ ಅವಸರದಲ್ಲಿ ತುಂಬಾ ಮಂದಿಗೆ ಹಾಕಿದರು. ರಕ್ತ ಹೋದಾಗ ವಿಚಾರಿಸುವವರು ಇರಲಿಲ್ಲ. ಆ ಕತೆಗಳೇ ಬೆಳೆದು ಹೃದಯಕ್ಕೆ ಏರ್ತದೆ, ಕ್ಯಾನ್ಸರ್ ಆಗ್ತದೆ, ಬಂಜೆ ಮಾಡ್ತದೆ ಎಂದಾಯಿತು. ಈಗಿನದು ಆ ಲೂಪ್ ಅಲ್ಲ. ಗರ್ಭಕೋಶದಿಂದ ಹೃದಯಕ್ಕೆ ದಾರಿಯೇ ಇಲ್ಲ, ಕಾಪರ್-ಟಿಯಿಂದ ಕ್ಯಾನ್ಸರ್ ಬರುವುದಿಲ್ಲ. ತೆಗೆಸಿದ ಕೂಡಲೇ ಮತ್ತೆ ಗರ್ಭ ನಿಲ್ಲಬಹುದು. ತೆಗೆಯಲು ಕೆಲವೇ ನಿಮಿಷ, ಬೇಕೆನಿಸಿದ ದಿನ ತೆಗೆಸುವುದು ನಮ್ಮ ಹಕ್ಕು.

ಹಾಕಿದ ದಿನ, ತೆಗೆಸಬೇಕಾದ ವರ್ಷ ಬರೆದ ಕಾರ್ಡ್ ಕೊಡುತ್ತಾರೆ. ಸೊಸೆ ಅದನ್ನು ಮಗುವಿನ ಚುಚ್ಚುಮದ್ದಿನ ಕಾರ್ಡಿನೊಟ್ಟಿಗೆ ಇಟ್ಟಿದ್ದಾಳೆ. ಮುಂದೆ ಗಂಡನೊಟ್ಟಿಗೆ ಗಲ್ಫಿಗೆ ಹೋದರೂ ಅದು ಕೈಯಲ್ಲಿರಬೇಕು.

ನಿಮ್ಮ ಮನೆಯಲ್ಲಿಯೂ ಹೊಸ ಸೊಸೆ, ಮದುವೆಯಾದ ಮಗಳು ಇರಬಹುದು. ಅವರು ಪಾತ್ರೆ ತೊಳೆಯುವಾಗ ಮೆಲ್ಲಗೆ ಕೇಳುವವರೆಗೆ ಕಾಯಬೇಡಿ. ನೀವೇ ಹತ್ತಿರ ಕೂತು ಮಾತು ತೆಗೆಯಿರಿ. ಹಾಕಿಸುವುದು ಬಿಡುವುದು ಅವರಿಷ್ಟ. ನಮ್ಮ ಹಾಗೆ ಕೇಳಲು ಯಾರೂ ಇಲ್ಲದೆ ಅವರು ಆಸ್ಪತ್ರೆಯ ಮಂಚ ಹತ್ತುವಂತಾಗದಿರಲಿ.